ಗರಗಸಕ್ಕೊಂದು ಕಟ್ಟುಪಾಡು: ಮನೆಯಲ್ಲೇ ಮಾಡುವ ಫ್ರೆಟ್ ಜಿಗ್

ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಲಾಗಿ ಕಾಣುವ ಲೋಹದ ಪಟ್ಟಿಗಳೇ ಫ್ರೆಟ್‌ಗಳು. ಮರದಲ್ಲಿ ಕೊಯ್ದ ಸುಮಾರು 0.6 ಮಿಲಿಮೀಟರ್ ಅಗಲದ ಸೀಳುಗಳಲ್ಲಿ ಅವು ಬಿಗಿಯಾಗಿ ಕೂತಿರುತ್ತವೆ. ಮರ ಎಷ್ಟೇ ಒಳ್ಳೆಯದಿರಲಿ, ಸೀಳು ಜಾಗ ತಪ್ಪಿದರೆ ವಾದ್ಯ ಅಪಸ್ವರ ನುಡಿಯುತ್ತದೆ. ಬಿರಡೆ ತಿರುಗಿಸಿ ಅದನ್ನು ಸರಿಪಡಿಸಲಾಗದು.

ಲೆಕ್ಕವೇನೋ ಸುಲಭ. ಒಂದು ಸ್ಥಾಯಿಗೆ 12 ಸಮಾನ ಮೆಟ್ಟಿಲು. ಅಷ್ಟನ್ನೂ ಹತ್ತಿದಾಗ ತಂತಿಯ ಉದ್ದ ಅರ್ಧವಾಗಬೇಕು. ಹಾಗಾಗಲು ಪ್ರತಿ ಬಾರಿ ಉಳಿದ ಉದ್ದವನ್ನು 17.817ರಿಂದ ಭಾಗಿಸಿ, ಬಂದಷ್ಟು ದೂರ ಮುಂದೆ ಸಾಗಬೇಕು. ತಂತಿ 650 ಮಿ.ಮೀ. ಇದ್ದರೆ ಮೊದಲ ಫ್ರೆಟ್ 36.48ಕ್ಕೆ, ಹನ್ನೆರಡನೆಯದು 325ಕ್ಕೆ ಬರುತ್ತದೆ. ಗೆಲಿಲಿಯೊನ ತಂದೆ, ಲ್ಯೂಟ್ (ಗಿಟಾರಿನಂಥ ಹಳೆಯ ತಂತಿವಾದ್ಯ) ವಾದಕ ವಿಂಚೆನ್ಜೊ ಗೆಲಿಲಿ 1581ರಲ್ಲಿ 18ರಿಂದ ಭಾಗಿಸುವ ಸೂತ್ರ ಕೊಟ್ಟಿದ್ದ. ಅದರಂತೆ ನಡೆದರೆ ಇದೇ ಉದ್ದದ ತಂತಿಯಲ್ಲಿ ಹನ್ನೆರಡನೆಯ ಫ್ರೆಟ್ 2.4 ಮಿ.ಮೀ. ಹಿಂದೆಯೇ ನಿಲ್ಲುತ್ತದೆ. ಆದರೆ ಬೆರಳೊತ್ತಿದಾಗ ತಂತಿ ಹಿಗ್ಗಿ ಸ್ವರ ತುಸು ಏರುತ್ತದಲ್ಲ, ಆ ಏರಿಕೆ ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ. ತಪ್ಪು ಎನಿಸುವ ಸಂಖ್ಯೆಯೂ ಕಿವಿಗೆ ಒಪ್ಪಿಗೆಯಾಗಬಹುದೆಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಕಷ್ಟವಿರುವುದು ಕೈಯಲ್ಲಿ. ಅರ್ಧ ಮಿಲಿಮೀಟರ್ ತಪ್ಪು ಮೊದಲ ಫ್ರೆಟ್‌ನಲ್ಲಿ ಸ್ವರವನ್ನು ಸುಮಾರು 1.4 ಸೆಂಟ್‌ನಷ್ಟು ಕದಲಿಸಿದರೆ, ಇಪ್ಪತ್ತನೆಯದರಲ್ಲಿ 4.2 ಸೆಂಟ್‌ನಷ್ಟು ಕದಲಿಸುತ್ತದೆ. (ಎರಡು ಮೆಟ್ಟಿಲುಗಳ ನಡುವಿನ ಅಂತರ 100 ಸೆಂಟ್.) ಗರಗಸವೋ ಮುಂದೆ, ಪಕ್ಕಕ್ಕೆ, ಮೇಲೆ ಹೋಗಬಲ್ಲದು, ಮೂರು ರೀತಿಯಲ್ಲಿ ವಾಲಬಲ್ಲದು. ನಮಗೆ ಬೇಕಾದ ಚಲನೆ ಎರಡೇ: ಹಿಂದೆ ಮುಂದೆ ಓಡುವುದು, ಕೆಳಗಿಳಿಯುವುದು. ಉಳಿದ ನಾಲ್ಕನ್ನು ಕಟ್ಟಿಹಾಕುವ ಪೆಟ್ಟಿಗೆಯೇ ಜಿಗ್.

ಚಪ್ಪಟೆ ಪ್ಲೈವುಡ್ ತಳ, ಎರಡು ಗೋಡೆ, ಗೋಡೆಗಳಲ್ಲಿ ಗರಗಸದ ಅಲಗನ್ನು ಎರಡೂ ಬದಿಯಿಂದ ಹಿಡಿಯುವ ಪುಟ್ಟ ಬೇರಿಂಗ್‌ಗಳು. ಬೇಕಾದ ಆಳಕ್ಕೆ ಅಲಗನ್ನು ತಡೆಯುವ ಒಂದು ಪಟ್ಟಿ. ಫ್ರೆಟ್‌ಬೋರ್ಡಿಗೆ, ಅಂದರೆ ಫ್ರೆಟ್‌ಗಳು ಕೂರುವ ಮರದ ಹಲಗೆಗೆ, ಎರಡೂ ಬದಿ ಅಂಟುವ ಟೇಪಿನಿಂದ ಅಕ್ರಿಲಿಕ್ ಪಟ್ಟಿಯೊಂದನ್ನು ಅಂಟಿಸಿ. ಆ ಪಟ್ಟಿಯ ಅಂಚಿನಲ್ಲಿ ಪ್ರತಿ ಫ್ರೆಟ್‌ಗೂ ಒಂದು ಕಚ್ಚು. ಗೋಡೆಯಲ್ಲಿರುವ ಪಿನ್ನು ಅದರೊಳಗೆ ಕೂರುತ್ತದೆ. ಕಚ್ಚುಗಳ ಗುರುತುಗಳನ್ನೆಲ್ಲ ನಟ್‌ನ (ಕುತ್ತಿಗೆಯ ಬಿರಡೆಗಳ ಕಡೆಯ ತುದಿಯಲ್ಲಿ ತಂತಿಗಳು ಆನುವ ಪಟ್ಟಿ) ಅಂಚಿನಿಂದಲೇ ಅಳೆಯಬೇಕು. ಒಂದರಿಂದ ಮುಂದಿನದಕ್ಕೆ ಅಳೆಯುತ್ತ ಹೋದರೆ ಸಣ್ಣ ತಪ್ಪುಗಳು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ.

ಪಿನ್ನು ಕಚ್ಚಿನಲ್ಲಿ 0.3 ಮಿ.ಮೀ. ಸಡಿಲವಿದೆ ಎಂದುಕೊಳ್ಳಿ. ಆಗ ಫ್ರೆಟ್‌ಬೋರ್ಡನ್ನು ಪ್ರತಿ ಬಾರಿಯೂ ಒಂದೇ ದಿಕ್ಕಿಗೆ ಒತ್ತಿ ಹಿಡಿದು ಕೊಯ್ಯಿರಿ. ನಟ್‌ನ ಅಂಚನ್ನೂ ಅದೇ ಜಿಗ್‌ನಲ್ಲಿ, ಸೊನ್ನೆಯ ಕಚ್ಚಿನಲ್ಲಿಟ್ಟು ಹಾಗೆಯೇ ಒತ್ತಿ ಕೊಯ್ಯಿರಿ. ಎಲ್ಲ ಸೀಳುಗಳೂ ನಟ್‌ನ ಅಂಚೂ ಒಂದೇ ಅಳತೆಯಲ್ಲಿ ಸರಿದಿರುವುದರಿಂದ ಅವುಗಳ ನಡುವಿನ ದೂರ ಕೆಡುವುದಿಲ್ಲ. ಆದರೆ ಕಚ್ಚಿನ ಜಾಗವೇ ತಪ್ಪಾಗಿದ್ದರೆ ಅದು ಪ್ರತಿ ಗಿಟಾರಿಗೂ ನಕಲಾಗುತ್ತದೆ. ಆದ್ದರಿಂದ ಆ ಪಟ್ಟಿಗೆ ಒಂದು ದಿನವಿಡೀ ಹಿಡಿದರೂ ಹಿಡಿಯಲಿ.

ಸೀಳು ನೇರ ಅಡ್ಡಲಾಗಿ ಬರುತ್ತಿದೆಯೇ ಎಂದು ನೋಡಲು, ಅಂಚುಗಳು ಸಮಾಂತರವಾಗಿರುವ ಮರದ ಚೂರೊಂದನ್ನು ಜಿಗ್‌ನಲ್ಲಿಟ್ಟು ಪೂರ್ತಿ ತುಂಡರಿಸಿ. ಒಂದು ತುಂಡನ್ನು ಮಗುಚಿ, ಎರಡನ್ನೂ ನೇರ ಪಟ್ಟಿಗೆ ಆನಿಸಿ, ಕೊಯ್ದ ತುದಿಗಳನ್ನು ಜೋಡಿಸಿ. ಸಂದಿಯಲ್ಲಿ ಬೆಳಕು ಕಂಡರೆ ಅದು ನಿಮ್ಮ ತಪ್ಪಿನ ಎರಡರಷ್ಟು. ಮೂಲೆಮಟ್ಟಕ್ಕಿಂತ ನಾನು ಈ ಪರೀಕ್ಷೆಯನ್ನೇ ಹೆಚ್ಚು ನಂಬುತ್ತೇನೆ.

ಸೀಳಿನ ಅಗಲವನ್ನೂ ಮರೆಯುವಂತಿಲ್ಲ. ಅಗಲ ಹೆಚ್ಚಾದರೆ ಫ್ರೆಟ್ ಮೇಲೇಳುತ್ತದೆ. ಕಿರಿದಾದರೆ ಪ್ರತಿ ಫ್ರೆಟ್ಟೂ ಬೆಣೆಯಂತೆ ಮರವನ್ನು ಸೀಳಿನ ಎರಡೂ ಕಡೆಗೆ ದೂಡುತ್ತದೆ. ತಲಾ 0.05 ಮಿ.ಮೀ. ಎಂದರೂ 22 ಫ್ರೆಟ್‌ಗಳಿಗೆ 1.1 ಮಿ.ಮೀ. ಆಯಿತು, ಮೇಲ್ಮೈ ಹಿಗ್ಗಲು ಹೊರಟು ಕುತ್ತಿಗೆ ಹಿಂದಕ್ಕೆ ಬಾಗುತ್ತದೆ. ಅದಕ್ಕೇ ಮೊದಲು ಚೂರು ಮರದಲ್ಲಿ ಐದಾರು ಸೀಳು ಕೊಯ್ದು, ಫ್ರೆಟ್ ಬಡಿದು, ಆ ಮರದ ಬೆನ್ನಿಗೆ ಉಕ್ಕಿನ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದು ನೋಡಿ.