ಕೊಲಾಜನ್ ಡಬ್ಬಿ ಮತ್ತು ಕಾರವಾರದ ಬಿಸಿಲು

ಇಸ್ವಾಣ ಮೀನಿನ ತಲೆ ಹಾಕಿ ಮಾಡಿದ ಸಾರು ಉಳಿದರೆ ಫ್ರಿಜ್ಜಿನಲ್ಲಿ ಇಡುತ್ತೇವೆ. ಬೆಳಿಗ್ಗೆ ತೆಗೆದು ನೋಡಿದರೆ ಪಾತ್ರೆಯ ಅಂಚಿನಲ್ಲಿ ಸಾರು ಗಟ್ಟಿಯಾಗಿ, ಚಮಚ ತಾಗಿಸಿದರೆ ನಡುಗುವ ಹಾಗಿರುತ್ತದೆ. ಒಲೆಯ ಮೇಲಿಟ್ಟರೆ ಎರಡೇ ನಿಮಿಷಕ್ಕೆ ಮತ್ತೆ ನೀರು. ಕಾರವಾರ, ಅಂಕೋಲಾ ಕಡೆಯ ಮನೆಗಳಲ್ಲಿ ಇದು ಯಾರಿಗೂ ಹೊಸದಲ್ಲ. ಮೀನಿನ ಚರ್ಮ ಮತ್ತು ಮೂಳೆಯಲ್ಲಿದ್ದ ಕೊಲಾಜನ್ ಕುದಿಯುವಾಗ ಬಿಚ್ಚಿಕೊಂಡು ಸಾರಿಗೆ ಇಳಿದಿರುತ್ತದೆ. ತಣ್ಣಗಾದಾಗ ಅದೇ ಹೆಪ್ಪುಗಟ್ಟುತ್ತದೆ. ಹೀಗೆ ಬಿಚ್ಚಿಕೊಂಡ ಕೊಲಾಜನ್ನಿಗೆ ಜೆಲಾಟಿನ್ ಎಂದು ಹೆಸರು.

ಈಗ ಅದೇ ಕೊಲಾಜನ್ ಡಬ್ಬಿಯಲ್ಲಿ ಬರುತ್ತಿದೆ. ಮೊಬೈಲ್ ತೆರೆದರೆ ಸಾಕು, 'ಮರೈನ್ ಕೊಲಾಜನ್' ಜಾಹೀರಾತು. ಕುಡಿಯುವ ಪುಡಿ, ನುಂಗುವ ಮಾತ್ರೆ, ಹಚ್ಚುವ ಕ್ರೀಮ್, ಮುಖಕ್ಕೆ ಅಂಟಿಸುವ ಶೀಟ್ ಮಾಸ್ಕ್, ಎಲ್ಲವೂ ಇದೆ. ಸುಕ್ಕು ಹೋಗುತ್ತದೆ, ಮುಖ ತುಂಬಿಕೊಳ್ಳುತ್ತದೆ, ಕೂದಲು ದಟ್ಟವಾಗುತ್ತದೆ ಎಂಬ ಭರವಸೆ. ಒಂದು ಡಬ್ಬಿಗೆ ಸಾವಿರ ರೂಪಾಯಿ ದಾಟುವುದು ಸಾಮಾನ್ಯ, ಅದು ತಿಂಗಳೊಳಗೆ ಖಾಲಿ. ಇನ್ನೂ ಇಪ್ಪತ್ತೈದು ದಾಟದ ಹುಡುಗಿಯರೂ ಇದನ್ನು ಕೊಳ್ಳುತ್ತಿದ್ದಾರೆ. ಆದ್ದರಿಂದ ಇದರಲ್ಲಿ ನಿಜ ಎಷ್ಟು ಎಂದು ಕೂತು ನೋಡುವುದು ಒಳ್ಳೆಯದು.

ಮೊದಲು ಕೊಲಾಜನ್ ಅಂದರೆ ಏನು ಅಂತ ತಿಳಿಯೋಣ. ನಮ್ಮ ದೇಹದಲ್ಲಿರುವ ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಇದೇ. ಚರ್ಮ, ಮೂಳೆ, ಸ್ನಾಯುರಜ್ಜು, ರಕ್ತನಾಳದ ಗೋಡೆ, ಎಲ್ಲ ಕಡೆ ಇದೆ. ಮೀನುಗಾರಿಕೆ ದೋಣಿಯ ಹಗ್ಗವನ್ನು ಹತ್ತಿರದಿಂದ ನೋಡಿದವರಿಗೆ ಇದರ ರಚನೆ ಹೇಳುವುದು ಸುಲಭ: ಮೂರು ಎಳೆಗಳು ಒಂದಕ್ಕೊಂದು ಹೊಸೆದುಕೊಂಡಿರುತ್ತವೆ. ಒಂದೊಂದು ಎಳೆಯಲ್ಲಿ ಸುಮಾರು ಸಾವಿರ ಅಮೈನೋ ಆಮ್ಲಗಳು, ಅಂದರೆ ಪ್ರೋಟೀನ್ ಕಟ್ಟುವ ಬಿಡಿ ಮಣಿಗಳು. ಅದರಲ್ಲಿ ಪ್ರತಿ ಮೂರನೆಯದು ಗ್ಲೈಸಿನ್. ಅಮೈನೋ ಆಮ್ಲಗಳಲ್ಲಿ ಅತಿ ಚಿಕ್ಕದು ಗ್ಲೈಸಿನ್, ಹಾಗಾಗಿ ಮೂರೆಳೆ ಅಷ್ಟು ಬಿಗಿಯಾಗಿ ಕೂರಲು ಸಾಧ್ಯವಾಗುತ್ತದೆ.

ಈ ಮೂರೆಳೆಯ ರಚನೆಯನ್ನು ಕಂಡುಹಿಡಿದದ್ದು ನಮ್ಮ ದೇಶದಲ್ಲೇ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಎಕ್ಸ್-ರೇ ಚಿತ್ರಗಳನ್ನು ಹಿಡಿದು ಕೂತರು. ಮೊದಲು ಸಿಕ್ಕಿದ್ದು ಶಾರ್ಕ್ ಮೀನಿನ ರೆಕ್ಕೆಯ ಕೊಲಾಜನ್. ಆಮೇಲೆ ಕಾಂಗರೂ ಬಾಲದ ಸ್ನಾಯುರಜ್ಜು ತರಿಸಿಕೊಂಡರು. 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರ ಲೇಖನ ಬಂತು. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಜೈವಿಕ ಭೌತವಿಜ್ಞಾನದ ವಿಭಾಗವನ್ನೇ ಕಟ್ಟಿದರು. ಕೊಲಾಜನ್ ಹೆಸರಲ್ಲಿ ಇಷ್ಟೊಂದು ವ್ಯಾಪಾರ ನಡೆಯುವ ನಾಡಿನಲ್ಲಿ ಈ ಹೆಸರು ಎಲ್ಲರ ಬಾಯಲ್ಲಿ ಇರಬೇಕಿತ್ತು.

ಇನ್ನು ಕ್ರೀಮಿನ ವಿಷಯ. ಇದನ್ನು ಬೇಗ ಮುಗಿಸಬಹುದು. ಕೊಲಾಜನ್ ಅಣುವಿನ ತೂಕ ಸುಮಾರು 3,00,000 ಡಾಲ್ಟನ್ (ಅಣುವಿನ ತೂಕ ಹೇಳುವ ಅಳತೆ ಇದು). ನಮ್ಮ ಚರ್ಮದ ಮೇಲ್ಪದರವನ್ನು ದಾಟಿ ಒಳಗೆ ಹೋಗಬೇಕಾದರೆ ಅಣು ಸುಮಾರು 500 ಡಾಲ್ಟನ್‌ಗಿಂತ ಚಿಕ್ಕದಿರಬೇಕು ಎಂಬುದು ಚರ್ಮ ವಿಜ್ಞಾನಿಗಳು 2000ದಿಂದ ಬಳಸುತ್ತಿರುವ ಅಂದಾಜು. ಲೆಕ್ಕ ನಿಮ್ಮ ಮುಂದೆಯೇ ಇದೆ. ತುಂಡು ಮಾಡಿದ ಕೊಲಾಜನ್ ಕೂಡ ಸಾಮಾನ್ಯವಾಗಿ ಸಾವಿರಾರು ಡಾಲ್ಟನ್ ಇರುತ್ತದೆ. ಅಂದಮೇಲೆ ಕ್ರೀಮಿನ ಕೊಲಾಜನ್ ಚರ್ಮದ ಮೇಲೇ ಉಳಿಯುತ್ತದೆ. ಅಲ್ಲಿ ನೀರಿನಂಶ ಹಿಡಿದಿಟ್ಟು ಸ್ವಲ್ಪ ಹೊತ್ತು ಮುಖ ನಯವಾಗಿ ಕಾಣುವಂತೆ ಮಾಡುತ್ತದೆ. ಗ್ಲಿಸರಿನ್ ಇರುವ ಅಗ್ಗದ ಮಾಯಿಶ್ಚರೈಸರ್ ಕೂಡ ಇದೇ ಕೆಲಸ ಮಾಡುತ್ತದೆ. ಕೊಲಾಜನ್ ಹೆಸರಿಗಾಗಿ ಜಾಸ್ತಿ ದುಡ್ಡು ಕೊಡಲು ನನಗೆ ಕಾರಣ ಕಾಣುವುದಿಲ್ಲ.

ಕುಡಿಯುವ ಪುಡಿಯ ಕಥೆ ಅಷ್ಟು ಸುಲಭವಿಲ್ಲ. ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಹೊಟ್ಟೆಗೆ ಹೋದ ಕೊಲಾಜನ್ ನೇರವಾಗಿ ಕೆನ್ನೆಗೆ ಹೋಗಿ ಕೂರುವುದಿಲ್ಲ. ಬಂಗಡೆಯ ಪ್ರೋಟೀನ್, ಬೇಳೆಯ ಪ್ರೋಟೀನ್ ಹೇಗೆ ಜೀರ್ಣವಾಗುತ್ತದೋ ಹಾಗೇ ಇದೂ ತುಂಡಾಗುತ್ತದೆ. ಹೆಚ್ಚಿನದು ಬಿಡಿ ಬಿಡಿ ಅಮೈನೋ ಆಮ್ಲವಾಗುತ್ತದೆ. ಅದನ್ನು ಎಲ್ಲಿ ಬಳಸಬೇಕು ಎಂಬುದು ದೇಹದ ತೀರ್ಮಾನ. ಆದರೆ ಎಲ್ಲವೂ ಪೂರ್ತಿ ಬಿಡಿಯಾಗುವುದಿಲ್ಲ ಎಂದು ಜಪಾನಿನ ಸಂಶೋಧಕರು 2005ರಲ್ಲಿ ತೋರಿಸಿದರು. ಜೆಲಾಟಿನ್ ತಿಂದವರ ರಕ್ತದಲ್ಲಿ ಪ್ರೋಲಿನ್ ಮತ್ತು ಹೈಡ್ರಾಕ್ಸಿಪ್ರೋಲಿನ್ ಎಂಬ ಎರಡು ಅಮೈನೋ ಆಮ್ಲಗಳು ಜೋಡಿಯಾಗಿಯೇ ಉಳಿದ ತುಣುಕುಗಳು ಸಿಕ್ಕವು. ಈ ತುಣುಕು ಚರ್ಮದ ಜೀವಕೋಶಗಳಿಗೆ 'ಇಲ್ಲಿ ಕೊಲಾಜನ್ ಮುರಿದಿದೆ, ಹೊಸದು ಮಾಡಿ' ಎಂಬ ಸೂಚನೆ ಕೊಡಬಹುದು ಎಂಬುದು ಅವರ ಊಹೆ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಇದಕ್ಕೆ ಒಂದಿಷ್ಟು ಆಧಾರವೂ ಇದೆ. ಆದ್ದರಿಂದ 'ಪುಡಿ ಕುಡಿದರೆ ಏನೂ ಆಗಲು ಸಾಧ್ಯವೇ ಇಲ್ಲ' ಎಂದು ಹೇಳುವುದು ಸರಿಯಲ್ಲ.

ಹಾಗಾದರೆ ಜನರ ಮೇಲೆ ಪರೀಕ್ಷೆ ಮಾಡಿದಾಗ ಏನಾಯಿತು? 2023ರಲ್ಲಿ 26 ಪ್ರಯೋಗಗಳನ್ನು, ಒಟ್ಟು 1,721 ಜನರ ಮಾಹಿತಿಯನ್ನು, ಒಟ್ಟಿಗೆ ಸೇರಿಸಿ ನೋಡಿದ ವಿಶ್ಲೇಷಣೆಯೊಂದು ಬಂತು. ಕೊಲಾಜನ್ ತೆಗೆದುಕೊಂಡವರ ಚರ್ಮದಲ್ಲಿ ತೇವ ಮತ್ತು ಸ್ಥಿತಿಸ್ಥಾಪಕತೆ (ಎಳೆದು ಬಿಟ್ಟರೆ ಮತ್ತೆ ಮೊದಲಿನಂತಾಗುವ ಗುಣ) ಸುಧಾರಿಸಿತ್ತು. ಜಾಹೀರಾತಿನವರು ಹಿಡಿದುಕೊಳ್ಳುವುದು ಇದನ್ನೇ. 2025ರಲ್ಲಿ ಇನ್ನೊಂದು ವಿಶ್ಲೇಷಣೆ ಬಂತು. 23 ಪ್ರಯೋಗಗಳು, 1,474 ಜನ. ಇಲ್ಲೂ ಎಲ್ಲ ಸೇರಿಸಿದರೆ ಲಾಭ ಕಂಡಿತು. ಆದರೆ ಈ ಸಂಶೋಧಕರು ಇನ್ನೊಂದು ಪ್ರಶ್ನೆ ಕೇಳಿದರು: ಪ್ರಯೋಗಕ್ಕೆ ದುಡ್ಡು ಕೊಟ್ಟವರು ಯಾರು? ಕಂಪನಿಗಳ ಹಣವಿಲ್ಲದೆ ನಡೆದ ಪ್ರಯೋಗಗಳನ್ನು ಬೇರೆಯಾಗಿ ಇಟ್ಟು ನೋಡಿದರೆ ತೇವ, ಸ್ಥಿತಿಸ್ಥಾಪಕತೆ, ಸುಕ್ಕು, ಮೂರರಲ್ಲೂ ಗಮನಕ್ಕೆ ಬರುವಂಥ ಲಾಭ ಇರಲಿಲ್ಲ. ಗುಣಮಟ್ಟ ಚೆನ್ನಾಗಿದ್ದ ಪ್ರಯೋಗಗಳಲ್ಲೂ ಅಷ್ಟೇ.

ಕಂಪನಿ ದುಡ್ಡು ಕೊಟ್ಟ ಮಾತ್ರಕ್ಕೆ ಪ್ರಯೋಗ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಲಾಭವೆಲ್ಲ ಮಾರುವವರ ಪ್ರಯೋಗದಲ್ಲೇ ಕಂಡು, ಬೇರೆಯವರ ಪ್ರಯೋಗದಲ್ಲಿ ಕಾಣದೇ ಹೋದರೆ ಕೈ ಜೇಬಿಗೆ ಹೋಗುವ ಮುಂಚೆ ತಡೆಯಬೇಕು, ಅಲ್ವಾ?

ಇನ್ನೆರಡು ಸಂಗತಿ ನನ್ನನ್ನು ಕಾಡುತ್ತವೆ. ಎಷ್ಟೋ ಪುಡಿಗಳಲ್ಲಿ ಕೊಲಾಜನ್ ಜೊತೆಗೆ ವಿಟಮಿನ್ ಸಿ, ಜಿಂಕ್, ಹಯಲುರಾನಿಕ್ ಆಮ್ಲ ಕೂಡ ಬೆರೆತಿರುತ್ತವೆ. ಲಾಭವಾದರೆ ಅದು ಯಾವುದರಿಂದ ಆಯಿತು ಎಂದು ಹೇಗೆ ಹೇಳುವುದು? ಎರಡನೆಯದು ಇನ್ನೂ ಮುಖ್ಯ. ಹೋಲಿಕೆಗಾಗಿ ಇನ್ನೊಂದು ಗುಂಪಿಗೆ ಹೆಚ್ಚಾಗಿ ಕೊಡುವುದು ಮಾಲ್ಟೋಡೆಕ್ಸ್ಟ್ರಿನ್, ಅಂದರೆ ಪಿಷ್ಟದ ಪುಡಿ. ಒಂದು ಗುಂಪಿಗೆ ದಿನಾ ಪ್ರೋಟೀನ್, ಇನ್ನೊಂದಕ್ಕೆ ಪಿಷ್ಟ. ಅಷ್ಟೇ ಗ್ರಾಂ ಹಾಲಿನ ಅಥವಾ ಸೋಯಾ ಪ್ರೋಟೀನ್ ಕೊಟ್ಟು ಹೋಲಿಸಿದರೆ ಮಾತ್ರ ಕೊಲಾಜನ್ನಿಗೆ ಅದರದ್ದೇ ಆದ ಗುಣ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಪ್ರೋಟೀನ್ ಎಂದೇ ನೋಡಿದರೆ ಕೊಲಾಜನ್ ಅಪೂರ್ಣ. ನಮಗೆ ಬೇಕೇ ಬೇಕಾದ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ ಅದರಲ್ಲಿ ಇಲ್ಲವೇ ಇಲ್ಲ. ನೂರು ಗ್ರಾಂ ಬಂಗಡೆಯಲ್ಲಿ ಸುಮಾರು 20 ಗ್ರಾಂ ಪೂರ್ಣ ಪ್ರೋಟೀನ್ ಇರುತ್ತದೆ. ಪ್ರಯೋಗಗಳಲ್ಲಿ ದಿನಕ್ಕೆ ಕೊಡುವ ಕೊಲಾಜನ್ ಹೆಚ್ಚಾಗಿ 2.5ರಿಂದ 10 ಗ್ರಾಂ. ಪೇಟೆಯಲ್ಲಿ ಮೀನು ಕತ್ತರಿಸಿಕೊಡುವ ಅಕ್ಕಂದಿರ ಕಾಲ ಬುಡದಲ್ಲಿ ರಾಶಿ ಬೀಳುವ ಹುರುಪೆ ಮತ್ತು ಚರ್ಮ ಇವೆಯಲ್ಲ, ಮರೈನ್ ಕೊಲಾಜನ್ ತಯಾರಾಗುವುದು ಅಂಥ ಮೀನಿನ ಭಾಗಗಳಿಂದಲೇ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮೀನು ಮಾಂಸ ಮುಟ್ಟದ ಮನೆಗಳು ತುಂಬ. ಅವರಿಗೆ ಈ ವಿಷಯ ಸ್ಪಷ್ಟವಾಗಿ ಗೊತ್ತಿರಬೇಕು. ಗಿಡದಲ್ಲಿ ಕೊಲಾಜನ್ ಇರುವುದಿಲ್ಲ. ಪೇಟೆಯಲ್ಲಿ ಸಿಗುವ ಕೊಲಾಜನ್ ಪುಡಿ ಮೀನು, ದನ ಅಥವಾ ಹಂದಿಯ ಚರ್ಮ, ಮೂಳೆಯಿಂದ ಬಂದದ್ದು. 'ಸಸ್ಯಾಹಾರಿ ಕೊಲಾಜನ್' ಎಂದು ಮಾರುವ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ಅಮೈನೋ ಆಮ್ಲ, ವಿಟಮಿನ್ ಸಿ, ಗಿಡಮೂಲಿಕೆಯ ಸಾರ. ಡಬ್ಬಿಯ ಮೇಲೆ ಹಸಿರು ಚುಕ್ಕೆ ಇದೆಯೋ, ಕಂದು ತ್ರಿಕೋನ ಇದೆಯೋ ನೋಡಿಕೊಳ್ಳಿ. ಮೀನಿನ ಅಲರ್ಜಿ ಇದ್ದವರೂ ಅಷ್ಟೇ ಗಮನ ಕೊಡಬೇಕು.

ವಿಟಮಿನ್ ಸಿ ಮಾತ್ರ ನಿಜಕ್ಕೂ ಬೇಕು. ಅದಿಲ್ಲದೆ ದೇಹ ಗಟ್ಟಿ ಕೊಲಾಜನ್ ಮಾಡಲಾರದು. ತಿಂಗಳುಗಟ್ಟಲೆ ಕಡಲಲ್ಲಿದ್ದ ಹಳೆಯ ನಾವಿಕರ ಒಸಡು ರಕ್ತ ಸುರಿಸಿ, ಹಳೆ ಗಾಯ ಮತ್ತೆ ಬಾಯಿಬಿಡುತ್ತಿದ್ದದ್ದು ಇದೇ ಕಾರಣಕ್ಕೆ. ಆ ಸ್ಕರ್ವಿ ಕಾಯಿಲೆಗೆ ಕಿತ್ತಳೆ, ನಿಂಬೆ ಮದ್ದಾಗುತ್ತದೆ ಎಂದು ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 1747ರಲ್ಲಿ ತೋರಿಸಿದ. ನಮಗೆ ಅದಕ್ಕೆ ಡಬ್ಬಿ ಬೇಡ. ಒಂದು ಪೇರಲ ಹಣ್ಣಿನಲ್ಲೇ ದಿನಕ್ಕೆ ಬೇಕಾದಷ್ಟು ಸಿಗುತ್ತದೆ. ನೆಲ್ಲಿಕಾಯಿ ಇದ್ದರಂತೂ ಕೇಳುವುದೇ ಬೇಡ.

ಇಷ್ಟೆಲ್ಲ ಹೇಳಿದ್ದು ಮುಖ್ಯ ವಿಷಯಕ್ಕೆ ಬರುವುದಕ್ಕಾಗಿ. ಹೊಸ ಕೊಲಾಜನ್ ಎಲ್ಲಿಂದ ತರೋಣ ಎಂದು ನಾವು ಹುಡುಕುತ್ತಿದ್ದೇವೆ, ಇದ್ದದ್ದು ದಿನಾ ಹಾಳಾಗುತ್ತಿರುವುದನ್ನು ನೋಡುತ್ತಿಲ್ಲ. ಚರ್ಮದ ಕೊಲಾಜನ್ನಿನ ಅರ್ಧದಷ್ಟು ಬದಲಾಗಲು ಸುಮಾರು 15 ವರ್ಷ ಬೇಕು. ಅಷ್ಟು ನಿಧಾನವಾಗಿ ಹುಟ್ಟುವ ವಸ್ತು ಅದು. ವಯಸ್ಸಾದಂತೆ ಅದು ಕಡಿಮೆಯಾಗುತ್ತದೆ, ಮುಟ್ಟು ನಿಂತ ಮೇಲಿನ ಮೊದಲ ಕೆಲವು ವರ್ಷಗಳಲ್ಲಿ ಇನ್ನೂ ಬೇಗ. ಸಿಗರೇಟು ಅದನ್ನು ಕೆಡಿಸುತ್ತದೆ. ಆದರೆ ಮುಖದ ಮಟ್ಟಿಗೆ ದೊಡ್ಡ ಶತ್ರು ಬಿಸಿಲು.

ಬಿಸಿಲಿನ ನೇರಳಾತೀತ (ಯುವಿ) ಕಿರಣ ಬಿದ್ದಾಗ ಚರ್ಮದ ಜೀವಕೋಶಗಳು ಕೊಲಾಜನ್ ಕತ್ತರಿಸುವ ಕಿಣ್ವಗಳನ್ನು ಬಿಡುಗಡೆ ಮಾಡುತ್ತವೆ. ಮೈ ಕೆಂಪಾಗುವಷ್ಟು ಬಿಸಿಲು ಬೇಕೆಂದೇನೂ ಇಲ್ಲ, ಅದಕ್ಕಿಂತ ಕಡಿಮೆ ಸಾಕು. ಇದರಲ್ಲಿ ಯುವಿ-ಎ ಎಂಬ ಕಿರಣ ಆಳಕ್ಕೆ ಇಳಿಯುತ್ತದೆ, ಮಾಮೂಲಿ ಕಿಟಕಿ ಗಾಜನ್ನೂ ದಾಟುತ್ತದೆ. 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 69 ವರ್ಷದ ಲಾರಿ ಚಾಲಕನ ಫೋಟೋ ಬಂದಿತ್ತು. 28 ವರ್ಷ ಲಾರಿ ಓಡಿಸಿದವರು. ಅಲ್ಲಿ ಚಾಲಕ ಎಡಗಡೆ ಕೂರುತ್ತಾನೆ. ಅವರ ಮುಖದ ಎಡಭಾಗ ಉಳುಮೆ ಮಾಡಿದ ಹಾಗೆ ಸುಕ್ಕುಗಟ್ಟಿತ್ತು. ಬಲಭಾಗ ಎಷ್ಟೋ ವರ್ಷ ಚಿಕ್ಕವರ ಮುಖದಂತಿತ್ತು. ಒಂದೇ ಮನುಷ್ಯ, ಒಂದೇ ವಯಸ್ಸು, ಒಂದೇ ಊಟ.

ನಮ್ಮಲ್ಲಿ ಸ್ಟೇರಿಂಗ್ ಬಲಗಡೆ. ಮಧ್ಯಾಹ್ನದ ಮೇಲೆ ಕಾರವಾರದಿಂದ ಭಟ್ಕಳದ ಕಡೆ ಹೆದ್ದಾರಿ 66ರಲ್ಲಿ ಗಾಡಿ ಓಡಿಸುವವರ ಬಲಗೆನ್ನೆಗೆ ಸಮುದ್ರದ ಕಡೆಯಿಂದ ಬಿಸಿಲು ಬೀಳುತ್ತಲೇ ಇರುತ್ತದೆ. ಮರಳಿನ ಮೇಲೆ ಮೀನು ಒಣಗಿಸುವವರು, ಸಾಣಿಕಟ್ಟೆಯ ಉಪ್ಪಿನ ಗದ್ದೆಯಲ್ಲಿ ದುಡಿಯುವವರು, ಅಂಗಳದಲ್ಲಿ ಅಡಿಕೆ ಹರಡುವವರು, ಇವರ ಮುಖಕ್ಕೆ ಬೀಳುವ ಬಿಸಿಲಿನ ಮುಂದೆ ಯಾವ ಪುಡಿಯೂ ಲೆಕ್ಕಕ್ಕಿಲ್ಲ. ಮಾರ್ಚ್, ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಇಲ್ಲಿ ಯುವಿ ಸೂಚ್ಯಂಕ 11 ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದು ಅತಿ ಹೆಚ್ಚಿನ ಮಟ್ಟ. ನಮ್ಮ ಕಂದು ಬಣ್ಣ ಒಂದಿಷ್ಟು ಕಾಪಾಡುತ್ತದೆ, ಪೂರ್ತಿ ಅಲ್ಲ.

ಸನ್‌ಸ್ಕ್ರೀನ್ ಕೆಲಸ ಮಾಡುತ್ತದೆ ಎಂಬುದಕ್ಕೆ ಗಟ್ಟಿ ಸಾಕ್ಷಿ ಇದೆ. ಆಸ್ಟ್ರೇಲಿಯಾದ ನ್ಯಾಂಬೂರ್ ಊರಿನಲ್ಲಿ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದರು. ದಿನಾ ಹಚ್ಚಿಕೊಂಡವರ ಚರ್ಮಕ್ಕೆ ಆ ಅವಧಿಯಲ್ಲಿ ವಯಸ್ಸಾದದ್ದು ಗುರುತಿಗೆ ಸಿಗಲಿಲ್ಲ. ಮನಸ್ಸು ಬಂದಾಗ ಹಚ್ಚಿಕೊಂಡವರಿಗಿಂತ ಅವರಲ್ಲಿ ಚರ್ಮಕ್ಕೆ ವಯಸ್ಸಾಗುವುದು ಶೇ. 24ರಷ್ಟು ಕಡಿಮೆ. ಈ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಎಂದು ಹೇಳುವ ಅಂಕಿ) 30 ಅಥವಾ ಹೆಚ್ಚಿನದು, ಯುವಿ-ಎ ಕೂಡ ತಡೆಯುವಂಥದ್ದು ನೋಡಿ. ಸುಮ್ನೆ ತುದಿಬೆರಳಲ್ಲಿ ಸವರಿದರೆ ಸಾಲದು. ಮುಖ, ಕುತ್ತಿಗೆಗೆ ಎರಡು ಬೆರಳಿನ ಉದ್ದಕ್ಕೆ ಹಿಂಡಿದಷ್ಟು ಬೇಕು, ಹೊರಗಿದ್ದರೆ ಎರಡು ತಾಸಿಗೊಮ್ಮೆ ಮತ್ತೆ. ಇದಕ್ಕೂ ದುಡ್ಡು ಬೇಕು, ಬೆವರುತ್ತಾ ದುಡಿಯುವವರಿಗೆ ಇದು ಸುಲಭವೂ ಅಲ್ಲ. ಅವರಿಗೆ ಕೊಡೆ, ತಲೆಗೆ ಹೊದೆಯುವ ಬಟ್ಟೆ, ಅಗಲ ಅಂಚಿನ ಟೊಪ್ಪಿ, ಹಾಳೆ ಟೊಪ್ಪಿ ಎಲ್ಲವೂ ನಿಜವಾದ ರಕ್ಷಣೆ.

ಹಾಳಾದ ಚರ್ಮದಲ್ಲಿ ಹೊಸ ಕೊಲಾಜನ್ ಹುಟ್ಟಿಸುವ ಹಚ್ಚುವ ಔಷಧಿಯೂ ಒಂದಿದೆ: ಟ್ರೆಟಿನಾಯಿನ್, ವಿಟಮಿನ್ ಎ ಬಳಗದ್ದು. ಇದರ ಅಣು ಸುಮಾರು 300 ಡಾಲ್ಟನ್, ಹಾಗಾಗಿ ಒಳಗೆ ಇಳಿಯುತ್ತದೆ. 1993ರ ಅಧ್ಯಯನದಲ್ಲಿ ಹತ್ತು-ಹನ್ನೆರಡು ತಿಂಗಳು ಹಚ್ಚಿದ ಮೇಲೆ ಚರ್ಮದ ತುಣುಕು ತೆಗೆದು ನೋಡಿದರು. ಹೊಸ ಕೊಲಾಜನ್ ಶೇ. 80ರಷ್ಟು ಹೆಚ್ಚಿತ್ತು. ಆದರೆ ಇದನ್ನು ವೈದ್ಯರ ಚೀಟಿ ಇಲ್ಲದೆ ಬಳಸಬಾರದು. ಗರ್ಭಿಣಿಯರು ಹಚ್ಚಲೇಬಾರದು. ಮೊದಮೊದಲು ಉರಿ, ಸಿಪ್ಪೆ ಏಳುವುದು ಸಾಮಾನ್ಯ.

ಇಲ್ಲೊಂದು ಅಪಾಯ ಇದೆ, ಹೇಳದೆ ಬಿಡುವ ಹಾಗಿಲ್ಲ. ನಮ್ಮ ಕಡೆಯ ಹೆಂಗಸರು ಸುಕ್ಕಿಗಿಂತ ಜಾಸ್ತಿ ಬೇಸರ ಪಡುವುದು ಕೆನ್ನೆಯ ಮೇಲಿನ ಭಂಗಿನ ಬಗ್ಗೆ. ಅದಕ್ಕೆ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಹಚ್ಚುವ ಎಷ್ಟೋ ಕ್ರೀಮುಗಳಲ್ಲಿ ಟ್ರೆಟಿನಾಯಿನ್, ಬಣ್ಣ ತಿಳಿಯಾಗಿಸುವ ಹೈಡ್ರೋಕ್ವಿನೋನ್ ಜೊತೆಗೆ ಸ್ಟಿರಾಯಿಡ್ ಬೆರೆತಿರುತ್ತದೆ. ವಾರದೊಳಗೆ ಮುಖ ಬೆಳ್ಳಗಾಗಿ ಕಾಣುತ್ತದೆ. ಅಕ್ಕ ತಂಗಿಗೆ ಹೇಳುತ್ತಾಳೆ, ತಂಗಿ ನೆರೆಮನೆಯವರಿಗೆ ಹೇಳುತ್ತಾಳೆ. ತಿಂಗಳುಗಟ್ಟಲೆ ಹಚ್ಚಿದರೆ ಸ್ಟಿರಾಯಿಡ್ ಚರ್ಮದಲ್ಲಿ ಕೊಲಾಜನ್ ತಯಾರಾಗುವುದನ್ನೇ ತಡೆಯುತ್ತದೆ. ಚರ್ಮ ತೆಳುವಾಗಿ ಕೆಂಪು ನರಗಳು ಕಾಣತೊಡಗುತ್ತವೆ, ಮೊಡವೆ ಏಳುತ್ತವೆ, ಬಿಸಿಲಿಗೆ ಹೋದರೆ ಉರಿ. ಈ ತೊಂದರೆ ದೇಶದಲ್ಲೆಲ್ಲ ಎಷ್ಟು ಹಬ್ಬಿತೆಂದರೆ 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಹಚ್ಚುವ ಸ್ಟಿರಾಯಿಡ್‌ಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು ಆದೇಶ ಮಾಡಿತು. ಟ್ಯೂಬಿನ ಮೇಲೆ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಫ್ಲೂಸಿನೋಲೋನ್ ಎಂದು ಇದೆಯೇ ನೋಡಿ. ಇದ್ದರೆ, ಬಹಳ ದಿನದಿಂದ ಹಚ್ಚುತ್ತಿದ್ದರೆ, ಒಮ್ಮೆಲೇ ನಿಲ್ಲಿಸಬೇಡಿ, ಮುಖ ಇನ್ನೂ ಕೆರಳುತ್ತದೆ. ಟ್ಯೂಬ್ ಹಿಡಿದುಕೊಂಡು ಚರ್ಮದ ವೈದ್ಯರ ಹತ್ತಿರ ಹೋಗಿ. ಎಷ್ಟು ದಿನ ಹಚ್ಚಿದ್ದೀರಿ ಎಂದು ಮುಚ್ಚಿಡದೆ ಹೇಳಿ. ಅವರು ಹಂತ ಹಂತವಾಗಿ ಬಿಡಿಸುತ್ತಾರೆ.