ವಿಮಾನ ಎಳೆದೊಯ್ಯುವ ಗುಡುಗು

ವಿಮಾನ ಶಬ್ದದ ವೇಗವನ್ನು ದಾಟುವ ಆ ಒಂದು ಕ್ಷಣದಲ್ಲಿ 'ಢಂ' ಎನ್ನುತ್ತದೆ, ಆಮೇಲೆ ಎಲ್ಲ ತಣ್ಣಗಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. 'ಶಬ್ದದ ತಡೆಗೋಡೆ ಒಡೆಯುವುದು' ಎಂಬ ಮಾತೇ ಈ ಎಡವಟ್ಟಿಗೆ ಮೂಲ. ಅಲ್ಲಿ ಒಡೆಯಲು ಗೋಡೆಯೂ ಇಲ್ಲ, ಸದ್ದು ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ. ಶಬ್ದಕ್ಕಿಂತ ವೇಗವಾಗಿ ಹಾರುತ್ತಿರುವಷ್ಟು ಹೊತ್ತೂ ವಿಮಾನ ಆ ಗುಡುಗನ್ನು ಬೆನ್ನಹಿಂದೆ ಎಳೆದುಕೊಂಡೇ ಹೋಗುತ್ತದೆ. ನಿಂತ ನೀರಿನಲ್ಲಿ ದೋಣಿ ಓಡಿದಾಗ ಅದರ ಮೂತಿಯಿಂದ ಹೊರಟ ಅಲೆ ದಡದಲ್ಲಿ ಕೂತವರ ಕಾಲಿಗೆ ಒಮ್ಮೆ ಮಾತ್ರ ಬಡಿಯುತ್ತದೆ. ದೋಣಿಯ ಜೊತೆಗೆ ಆ ಅಲೆ ಸದಾ ಇದ್ದೇ ಇರುತ್ತದೆ. ಸಾನಿಕ್ ಬೂಮ್ ಎಂದು ಕರೆಯುವ ಈ ಗುಡುಗೂ ಹಾಗೆಯೇ.

ಶಬ್ದದ ವೇಗ ಎಲ್ಲೆಡೆ ಒಂದೇ ಅಲ್ಲ. 15 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಅದು ಸೆಕೆಂಡಿಗೆ ಸುಮಾರು 340 ಮೀಟರ್. 11 ಕಿಲೋಮೀಟರ್ ಎತ್ತರದಲ್ಲಿ, ಮೈನಸ್ 56 ಡಿಗ್ರಿ ಚಳಿಯಲ್ಲಿ, ಸುಮಾರು 295 ಮೀಟರ್. ಮೇಲೆ ಗಾಳಿ ತೆಳುವಾಗಿರುವುದು ಇದಕ್ಕೆ ಕಾರಣವಲ್ಲ, ತಂಪಾಗಿರುವುದು ಕಾರಣ. ವಿಮಾನದ ವೇಗವನ್ನು ಅದು ಹಾರುತ್ತಿರುವ ಜಾಗದ ಶಬ್ದದ ವೇಗದಿಂದ ಭಾಗಿಸಿದರೆ ಬರುವುದೇ ಮ್ಯಾಕ್ ಸಂಖ್ಯೆ. ಈ 340 ಮತ್ತು 295ರ ನಡುವಿನ ವ್ಯತ್ಯಾಸ ನೆನಪಿರಲಿ, ಮುಂದೆ ಕೆಲಸಕ್ಕೆ ಬರುತ್ತದೆ.

ನಿಧಾನವಾಗಿ ಹಾರುವ ವಿಮಾನ ತನ್ನ ಮುಂದಿನ ಗಾಳಿಗೆ ಮೊದಲೇ ಸುದ್ದಿ ಕಳಿಸುತ್ತಿರುತ್ತದೆ. ಮೂತಿ ತಳ್ಳಿದ ಒತ್ತಡ ಶಬ್ದದ ವೇಗದಲ್ಲಿ ಮುಂದೋಡಿ, ಅಲ್ಲಿನ ಗಾಳಿ ಮೆಲ್ಲಗೆ ಸರಿದು ದಾರಿ ಬಿಡುತ್ತದೆ. ವಿಮಾನವೇ ಆ ಸುದ್ದಿಗಿಂತ ವೇಗವಾಗಿ ಬಂದರೆ ಗಾಳಿಗೆ ತಯಾರಿಯೇ ಇರುವುದಿಲ್ಲ. ಒತ್ತಡ, ಉಷ್ಣತೆ, ಸಾಂದ್ರತೆ ಮೂರೂ ಒಮ್ಮೆಲೇ ಜಿಗಿಯುತ್ತವೆ. ಆ ಜಿಗಿತವೇ ಆಘಾತ ತರಂಗ. ವಿಮಾನದ ಮೈಯ ಹತ್ತಿರ ಅದರ ದಪ್ಪ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದ ಆಸುಪಾಸು. 1886-87ರಲ್ಲಿ ಭೌತವಿಜ್ಞಾನಿಗಳಾದ ಅರ್ನ್ಸ್ಟ್ ಮಾಕ್ ಮತ್ತು ಪೀಟರ್ ಸಾಲ್ಷರ್ ಹಾರುತ್ತಿರುವ ಗುಂಡಿನ ಸುತ್ತ ಈ ತರಂಗವನ್ನು ಫೋಟೊದಲ್ಲಿ ಹಿಡಿದಿದ್ದರು, ಅಂದರೆ ವಿಮಾನವೇ ಹುಟ್ಟುವ ಮೊದಲು.

ಈ ತರಂಗ ವಿಮಾನದ ಹಿಂದೆ ಶಂಕುವಿನಂತೆ ಹರಡುತ್ತದೆ. ವೇಗ ಹೆಚ್ಚಿದಷ್ಟೂ ಶಂಕು ಕಿರಿದಾಗುತ್ತದೆ. ಮ್ಯಾಕ್ 1.4ರಲ್ಲಿ ಹಾರುವ ದಿಕ್ಕಿಗೂ ಶಂಕುವಿನ ಅಂಚಿಗೂ ನಡುವಿನ ಕೋನ ಸುಮಾರು 45 ಡಿಗ್ರಿ, ಮ್ಯಾಕ್ 2ರಲ್ಲಿ 30. ಮ್ಯಾಕ್ 2ರಲ್ಲಿ 15 ಕಿಲೋಮೀಟರ್ ಎತ್ತರದಲ್ಲಿ ವಿಮಾನ ನಿಮ್ಮ ನೆತ್ತಿಯ ಮೇಲೆ ಹಾದುಹೋಯಿತು ಎನ್ನಿ. ಶಂಕುವಿನ ಅಂಚು ನಿಮ್ಮನ್ನು ಮುಟ್ಟುವ ಹೊತ್ತಿಗೆ ಅದು ಸುಮಾರು 26 ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಸದ್ದು ಕೇಳಿ ತಲೆಯೆತ್ತಿದವರಿಗೆ ಆಕಾಶ ಖಾಲಿ ಕಾಣುವುದು ಇದಕ್ಕೇ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಉಲ್ಕೆ ಸಿಡಿದಾಗ ಇದೇ ತಡ ಜನರಿಗೆ ಮುಳುವಾಯಿತು. ಕಣ್ಣು ಕೋರೈಸುವ ಬೆಳಕು ಕಂಡು ಏನೆಂದು ನೋಡಲು ಕಿಟಕಿಗೆ ಬಂದು ನಿಂತರು. ಎರಡು ನಿಮಿಷಕ್ಕೂ ಮಿಕ್ಕಿ ತಡವಾಗಿ ಆಘಾತ ತರಂಗ ಬಂದು ಗಾಜು ಪುಡಿಮಾಡಿತು. ಗಾಯಗೊಂಡವರು ಸಾವಿರಕ್ಕೂ ಹೆಚ್ಚು.

ನೆಲದ ಮೇಲೆ ಮೈಕ್ರೊಫೋನ್ ಇಟ್ಟು ಬೂಮ್‌ನ ಒತ್ತಡವನ್ನು ಗೆರೆಯಾಗಿ ಬರೆಸಿದರೆ ಇಂಗ್ಲಿಷಿನ 'ಎನ್' ಅಕ್ಷರ ಮೂಡುತ್ತದೆ. ಒತ್ತಡ ಥಟ್ಟನೆ ಏರುತ್ತದೆ, ಓರೆಯಾಗಿ ಇಳಿಯುತ್ತ ಮಾಮೂಲಿ ಮಟ್ಟಕ್ಕಿಂತ ಅಷ್ಟೇ ಕೆಳಗೆ ಹೋಗುತ್ತದೆ, ಮತ್ತೆ ಥಟ್ಟನೆ ಮೇಲೆ ಬರುತ್ತದೆ. ಎರಡು ಜಿಗಿತ, ಅದಕ್ಕೇ ಎರಡು 'ಢಂ'. ಚಿಕ್ಕ ಯುದ್ಧವಿಮಾನದಲ್ಲಿ ಇವೆರಡರ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟೇ ಬಿಡುವು, ಕಿವಿಗೆ ಹಲವು ಸಲ ಒಂದೇ ಸದ್ದೆನಿಸುತ್ತದೆ. 62 ಮೀಟರ್ ಉದ್ದದ ಕಾಂಕಾರ್ಡ್ ಪ್ರಯಾಣಿಕ ವಿಮಾನದ್ದು ಎರಡೂ ಬಿಡಿಬಿಡಿಯಾಗಿ ಕೇಳುತ್ತಿತ್ತು.

ಕಾಂಕಾರ್ಡ್ ಬೂಮ್‌ನ ಒತ್ತಡ ಸುಮಾರು 100 ಪ್ಯಾಸ್ಕಲ್. ವಾತಾವರಣದ ಒತ್ತಡದ ಸಾವಿರದಲ್ಲಿ ಒಂದು ಪಾಲು! ಲಿಫ್ಟ್‌ನಲ್ಲಿ ಮೂರು ಮಹಡಿ ಇಳಿದರೂ ಕಿವಿಯ ಮೇಲಿನ ಒತ್ತಡ ಹೆಚ್ಚುಕಮ್ಮಿ ಅಷ್ಟೇ ಬದಲಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹಾಗಾದರೆ ಬೂಮ್‌ಗೆ ಜನ ಬೆಚ್ಚಿಬೀಳುವುದೇಕೆ? ಲಿಫ್ಟ್ ತೆಗೆದುಕೊಳ್ಳುವುದು ಸೆಕೆಂಡುಗಳು, ಬೂಮ್ ತೆಗೆದುಕೊಳ್ಳುವುದು ಕೆಲವೇ ಮಿಲಿಸೆಕೆಂಡು. ಕಿವಿಗೆ ಒತ್ತಡ ಎಷ್ಟು ಏರಿತು ಎನ್ನುವುದರ ಜೊತೆಗೆ ಎಷ್ಟು ಬೇಗ ಏರಿತು ಎನ್ನುವುದೂ ಲೆಕ್ಕ. ಸದ್ದು ತಗ್ಗಿಸುವ ಈಗಿನ ಪ್ರಯತ್ನಗಳಲ್ಲಿ ಮುಖ್ಯವಾದದ್ದು ಈ ಎರಡನೆಯದರ ಬೆನ್ನನ್ನೂ ಹತ್ತಿದೆ.

ನಿಜಕ್ಕೂ ವಿಮಾನದ ಹತ್ತಿರ ಆಘಾತ ತರಂಗ ಒಂದೆರಡಲ್ಲ. ಮೂತಿ, ಕಾಕ್‌ಪಿಟ್ ಗಾಜು, ಎಂಜಿನ್ನಿನ ಬಾಯಿ, ರೆಕ್ಕೆ, ಬಾಲ, ಎಲ್ಲವೂ ತಮ್ಮದೊಂದನ್ನು ಹುಟ್ಟಿಸುತ್ತವೆ. ಆದರೆ ಒತ್ತಡ ಹೆಚ್ಚಿರುವ ತರಂಗ ತುಸು ಬಿಸಿಯಾದ ಗಾಳಿಯಲ್ಲಿ ಓಡುವುದರಿಂದ ಅದರ ವೇಗ ಜಾಸ್ತಿ. ಕಿಲೋಮೀಟರುಗಟ್ಟಲೆ ಇಳಿಯುವಷ್ಟರಲ್ಲಿ ಹಿಂದಿನವು ಮುಂದಿನವನ್ನು ಹಿಡಿದು ಬೆಸೆದುಕೊಳ್ಳುತ್ತವೆ. ಕೊನೆಗೆ ಉಳಿಯುವುದು ಮುಂದೊಂದು, ಹಿಂದೊಂದು. ವಿಮಾನ ವೇಗ ಹೆಚ್ಚಿಸಿಕೊಳ್ಳುವಾಗ ಅಥವಾ ಬಿಗಿಯಾಗಿ ತಿರುಗುವಾಗ ಬೇರೆ ಬೇರೆ ಕ್ಷಣಗಳಲ್ಲಿ ಹೊರಟ ತರಂಗಗಳು ನೆಲದ ಒಂದೇ ಪಟ್ಟಿಯ ಮೇಲೆ ಒಟ್ಟಿಗೆ ಬಂದು ಬೀಳುವುದುಂಟು. ಅಲ್ಲಿ ಒತ್ತಡ ಮಾಮೂಲಿಗಿಂತ ಹಲವು ಪಟ್ಟು ಏರುತ್ತದೆ. (ಫೋಟೊಗಳಲ್ಲಿ ವಿಮಾನದ ಸುತ್ತ ಕಾಣುವ ಬಿಳಿ ಮೋಡದ ಪಾವಾಡೆಯನ್ನು 'ಬೂಮ್ ಆದ ಕ್ಷಣ' ಎಂದು ಹಂಚಿಕೊಳ್ಳುವವರಿದ್ದಾರೆ. ಅದು ತೇವದ ಗಾಳಿ ಹಿಗ್ಗಿ ತಣ್ಣಗಾದಾಗ ಕಟ್ಟುವ ಹನಿಗಳು. ಶಬ್ದದ ವೇಗ ತಲುಪುವ ಮೊದಲೂ ಕಾಣಿಸುತ್ತದೆ.)

ಒಳಗೆ ಕೂತ ಪೈಲಟ್‌ಗೆ ಈ ಗುಡುಗು ಕೇಳುವುದೇ ಇಲ್ಲ. ಶಂಕು ಅವನ ಜೊತೆಯಲ್ಲೇ ಸಾಗುತ್ತದೆ, ಅವನನ್ನು ದಾಟುವುದಿಲ್ಲ. ಆಘಾತ ತರಂಗ ಹೊರಮೈಯ ಒತ್ತಡ ಅಳೆಯುವ ರಂಧ್ರಗಳನ್ನು ದಾಟುವಾಗ ಮ್ಯಾಕ್ ಮೀಟರಿನ ಮುಳ್ಳು ತಟಕ್ಕನೆ ಹಾರುತ್ತದೆ. ಸುದ್ದಿ ಬರುವುದು ಹಾಗೆ. ಅಪಾಯವಿದ್ದದ್ದು ಅದಕ್ಕೂ ಸ್ವಲ್ಪ ಮುಂಚೆ. ಶಬ್ದದ ವೇಗದ ಆಸುಪಾಸಿನಲ್ಲಿ ಬಾಲದ ರೆಕ್ಕೆಯ ಮೇಲೆ ಆಘಾತ ತರಂಗ ಕೂತುಬಿಟ್ಟರೆ ಅದರ ಹಿಂದಿನ ಎಲಿವೇಟರ್ (ಮೂತಿಯನ್ನು ಮೇಲೆ ಕೆಳಗೆ ಮಾಡುವ ಪಟ್ಟಿ) ಎಷ್ಟು ಎಳೆದರೂ ಮೂತಿ ಅಲುಗುವುದಿಲ್ಲ. ಬೆಲ್ ಎಕ್ಸ್-1 ಎಂಬ ಪ್ರಯೋಗ ವಿಮಾನದಲ್ಲಿ ಹೀಗಾದಾಗ ಆ ಪಟ್ಟಿಯ ಬದಲು ಬಾಲದ ಇಡೀ ಅಡ್ಡರೆಕ್ಕೆಯನ್ನೇ ಓರೆಮಾಡಿ ಹಾರಿಸಿದರು. 1947ರ ಅಕ್ಟೋಬರ್ 14ರಂದು ಚಕ್ ಯೇಗರ್ ಮ್ಯಾಕ್ 1.06 ಮುಟ್ಟಿದ್ದು ಹಾಗೆ. ಗಾಳಿ ಹಿಂದಕ್ಕೆ ಎಳೆಯುವ ಕಾಟ ಬೇರೆ. ಅಮೆರಿಕದ ಯುದ್ಧವಿಮಾನ ಎಫ್-102ರ ಮೊದಲ ಮಾದರಿ ಸಮತಟ್ಟು ಹಾರಾಟದಲ್ಲಿ ಶಬ್ದವನ್ನು ದಾಟಲಾರದೆ ಸೋತಿತು. ರಿಚರ್ಡ್ ವಿಟ್‌ಕೂಂಬ್ ಕಂಡುಕೊಂಡ ಸೂತ್ರದಂತೆ, ರೆಕ್ಕೆ ಸೇರುವಲ್ಲಿ ಮೈಯನ್ನು ಸೊಂಟದಂತೆ ಸಣ್ಣಗೆ ಮಾಡಿದ ಮೇಲೆ 1954ರಲ್ಲಿ ದಾಟಿತು. ಮೂತಿಯಿಂದ ಬಾಲದವರೆಗೆ ಅಡ್ಡ ಸೀಳಿನ ಒಟ್ಟು ವಿಸ್ತೀರ್ಣ ಎಲ್ಲೂ ಥಟ್ಟನೆ ಏರಿಳಿಯಬಾರದು ಎಂಬುದಷ್ಟೇ ಆ ಸೂತ್ರ.

ಅದೇ ಆಲೋಚನೆಯ ಮುಂದಿನ ಹೆಜ್ಜೆ ನಾಸಾದ ಪ್ರಯೋಗ ವಿಮಾನ ಎಕ್ಸ್-59. ಒಟ್ಟು ಸುಮಾರು 30 ಮೀಟರ್ ಉದ್ದದಲ್ಲಿ ಮೂರನೇ ಒಂದು ಪಾಲಿಗೂ ತುಸು ಹೆಚ್ಚು ಚೂಪು ಮೂತಿಯೇ. ಎಂಜಿನ್ ಬೆನ್ನ ಮೇಲಿದೆ, ಪೈಲಟ್‌ಗೆ ಎದುರಿನ ಗಾಜೇ ಇಲ್ಲ, ಕ್ಯಾಮೆರಾ ಚಿತ್ರ ನೋಡಿಕೊಂಡು ಹಾರಿಸಬೇಕು. ತರಂಗಗಳು ಒಂದನ್ನೊಂದು ಹಿಡಿಯದಷ್ಟು ದೂರ ದೂರ ಹುಟ್ಟಲಿ, 'ಎನ್' ಅಕ್ಷರದ ಚೂಪು ಮೊಂಡಾಗಲಿ ಎಂಬುದು ಲೆಕ್ಕ. 2025ರ ಅಕ್ಟೋಬರ್‌ನಲ್ಲಿ ಅದು ಮೊದಲ ಸಲ ಹಾರಿತು.

ಇನ್ನೊಂದು ದಾರಿಗೆ ವಿಶೇಷ ಆಕಾರವೇ ಬೇಡ, ಆ 340 ಮತ್ತು 295 ಸಾಕು. ಕೆಳಗಿಳಿಯುವ ತರಂಗದ ಕೆಳ ಅಂಚು ಬೆಚ್ಚಗಿನ ಗಾಳಿಯಲ್ಲಿ ಬೇಗ ಓಡುತ್ತದೆ, ಮೇಲಂಚು ಹಿಂದುಳಿಯುತ್ತದೆ, ಇಡೀ ತರಂಗ ಮೇಲ್ಮುಖವಾಗಿ ಬಾಗುತ್ತದೆ. ವಿಮಾನದ ವೇಗ ನೆಲದ ಬಳಿಯ ಶಬ್ದದ ವೇಗಕ್ಕಿಂತ ಕಡಿಮೆಯಿದ್ದರೆ ತರಂಗ ನೆಲ ಮುಟ್ಟುವ ಮೊದಲೇ ತಿರುಗಿಬಿಡುತ್ತದೆ. 340 ಭಾಗಿಸು 295, ಸುಮಾರು 1.15. ಅಷ್ಟು ಮ್ಯಾಕ್‌ವರೆಗೆ, ಗಾಳಿ ಬೀಸದ ದಿನ, ಕೆಳಗಿದ್ದವರಿಗೆ ಬೂಮ್ ಕೇಳಿಸದು. ಹಿಂದಿನಿಂದ ಜೋರು ಗಾಳಿ ತಳ್ಳಿದರೆ ಅಥವಾ ಕೆಳಗೆ ಚಳಿ ಹೆಚ್ಚಿದ್ದರೆ ಈ ಮಿತಿ ಇಳಿಯುತ್ತದೆ. ಹೀಗಾಗಿ ಈ ಉಪಾಯ ನೆಚ್ಚಿಕೊಂಡ ವಿಮಾನ ಹೊರಡುವ ಮುನ್ನ ದಾರಿಯುದ್ದದ ಗಾಳಿ ಮತ್ತು ಉಷ್ಣತೆಯ ಲೆಕ್ಕವನ್ನು ಆ ದಿನವೇ ಹಾಕಬೇಕು.