ಕುಂಬಾರ ಕಣಜದ ನಡು

ಕಿಟಕಿಯ ಸರಳಿಗೋ ಜಂತಿಯ ಮೂಲೆಗೋ ಅಂಟಿಕೊಂಡ ಪುಟ್ಟ ಮಣ್ಣಿನ ಗಡಿಗೆಯೊಳಕ್ಕೆ ಹಸಿರು ಹುಳು ಹೋಗುತ್ತದೆ, ಕೆಲವು ವಾರಗಳ ಬಳಿಕ ಅದರೊಳಗಿಂದ ರೆಕ್ಕೆಯ ಕಣಜ ಹೊರಬರುತ್ತದೆ. ಇಷ್ಟನ್ನೇ ಕಂಡ ಹಿಂದಿನವರು, ಕಣಜವು ಗುಂಯ್‌ಗುಟ್ಟುತ್ತಾ ಹುಳುವನ್ನು ತನ್ನಂತೆಯೇ ಮಾಡಿಕೊಳ್ಳುತ್ತದೆಂದು ತೀರ್ಮಾನಿಸಿದರು. ಸಂಸ್ಕೃತದ ಭ್ರಮರಕೀಟ ನ್ಯಾಯವೂ ವಚನಗಳಲ್ಲಿ ಬರುವ ಕೀಡಿ-ಕುಂಡಲಿಗನ ಹೋಲಿಕೆಯೂ ಈ ನಂಬಿಕೆಯ ಮೇಲೆಯೇ ನಿಂತಿವೆ. ಉಪಮೆಯಾಗಿ ಅದರ ಸೊಗಸನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇಂದಿಗೂ ಪ್ರವಚನಗಳಲ್ಲಿ ಅದನ್ನು ನಿಸರ್ಗದ ಸತ್ಯವೆಂಬಂತೆ ಹೇಳುವುದನ್ನು ಕೇಳಿದಾಗ ನನಗೆ ಸಹನೆ ಉಳಿಯುವುದಿಲ್ಲ. ತಾಯಿ ಕಣಜವು ಹುಳುವನ್ನು ತರುವ ಮೊದಲೇ ಗಡಿಗೆಯ ಒಳಮೈಗೆ ನೂಲಿನಂಥ ಎಳೆಯಲ್ಲಿ ಒಂದು ಮೊಟ್ಟೆಯನ್ನು ತೂಗುಬಿಟ್ಟಿರುತ್ತದೆ. ಕುಟುಕಿ ನಿಶ್ಚೇಷ್ಟಗೊಳಿಸಿ ತುಂಬಿದ ಹುಳುಗಳೆಲ್ಲ ಆ ಮೊಟ್ಟೆಯಿಂದ ಹೊರಬರುವ ಮರಿಗೆ ಕಟ್ಟಿಟ್ಟ ಬುತ್ತಿ.

ಈ ಕಣಜಗಳನ್ನು ಗುರುತಿಸುವಾಗಲೂ ನಾವು ಇಂಥದೇ ಅವಸರ ಮಾಡುತ್ತೇವೆ. ಮಣ್ಣಿನ ಗೂಡು ಕಂಡರೆ ಸಾಕು, ಕಟ್ಟಿದ್ದು ಕುಂಬಾರ ಕಣಜವೇ ಎಂದುಬಿಡುತ್ತೇವೆ. ನಮ್ಮ ಮನೆಗಳ ಗೋಡೆಗೆ ಕೆಸರು ಮೆತ್ತುವ, ತೆಳು ನಡುವಿನ ಕಪ್ಪು-ಹಳದಿ ಸ್ಕೆಲಿಫ್ರಾನ್ ಬೇರೆಯದೇ ಕುಟುಂಬಕ್ಕೆ ಸೇರಿದ್ದು. ಅದು ತನ್ನ ಗೂಡಿಗೆ ತುಂಬುವುದು ಜೇಡಗಳನ್ನು. ಕುಂಬಾರ ಕಣಜಗಳಲ್ಲೂ ಕೆಲವು ಹಲವು ಗಡಿಗೆಗಳನ್ನು ಒತ್ತಾಗಿ ಕಟ್ಟಿ ಮೇಲೆ ಮಣ್ಣು ಬಳಿದು ಒಂದೇ ಮುದ್ದೆ ಮಾಡುವುದರಿಂದ, ಹೊರಗಿನ ಆಕಾರ ನೋಡಿ ತೀರ್ಪು ಕೊಡುವಂತಿಲ್ಲ.

ಹಾಗಾದರೆ ಏನನ್ನು ನೋಡಬೇಕು? ಮೊದಲು, ಕುಳಿತಾಗ ರೆಕ್ಕೆ ಹೇಗಿದೆ ಎಂಬುದನ್ನು. ಶಲ್ಯವನ್ನು ಉದ್ದಕ್ಕೆ ಮಡಿಸಿ ಹೆಗಲಿಗೆ ಹಾಕಿಕೊಂಡಂತೆ ಕುಂಬಾರ ಕಣಜವು ತನ್ನ ಮುಂದಿನ ರೆಕ್ಕೆಗಳನ್ನು ಉದ್ದಕ್ಕೆ ಮಡಿಸಿಕೊಳ್ಳುತ್ತದೆ. ಸ್ಕೆಲಿಫ್ರಾನ್‌ನ ರೆಕ್ಕೆಯಲ್ಲಿ ಆ ಮಡಿಕೆಯಿಲ್ಲ. ಎರಡನೆಯದಾಗಿ, ಕಣ್ಣಿನ ಒಳ ಅಂಚಿನಲ್ಲಿ ಆಳವಾದ ಕಚ್ಚು ಇದ್ದು ಕಣ್ಣು ಅವರೆಕಾಳಿನಂತೆ ಬಾಗಿರುತ್ತದೆ. ಇದೊಂದನ್ನೇ ನಂಬಿದರೂ ಕೆಟ್ಟೆವು, ಏಕೆಂದರೆ ಜೇಡಗಳನ್ನೇ ತರುವ ಟ್ರೈಪಾಕ್ಸಿಲಾನ್ ಎಂಬ ಕಣಜಕ್ಕೂ ಅಂಥದೇ ಕಣ್ಣಿದೆ, ಆದರೆ ಅದು ರೆಕ್ಕೆ ಮಡಿಸುವುದಿಲ್ಲ. ಮಡಿಸಿದ ರೆಕ್ಕೆ ಮತ್ತು ಕಚ್ಚುಳ್ಳ ಕಣ್ಣು ಎರಡೂ ಇದ್ದರೆ ಅದು ವೆಸ್ಪಿಡೇ ಕುಟುಂಬದ್ದೆಂದು ಬಹುಮಟ್ಟಿಗೆ ನಿಶ್ಚಿಂತರಾಗಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಧ್ಯಯನ ಮಾಡಿದ ರೋಪಲಿಡಿಯ ಕಣಜವೂ ಇದೇ ಕುಟುಂಬದ್ದು, ಮೇಲಾಗಿ ಅದಕ್ಕೂ ಸಣ್ಣ ನಡುವಿದೆ. ಅದನ್ನು ಬೇರ್ಪಡಿಸಲು ಭೂತಗನ್ನಡಿ ಹಿಡಿದು ಪಾದದ ತುದಿಗೆ ಇಳಿಯಬೇಕು: ಕುಂಬಾರ ಕಣಜದ ಉಗುರು ಸೀಳಿ ಎರಡು ಮೊನೆಯಾಗಿರುತ್ತದೆ, ರೋಪಲಿಡಿಯದ್ದು ಸರಳ. ದವಡೆಗಳೂ ಕುಂಬಾರ ಕಣಜದಲ್ಲಿ ಚಾಕುವಿನಂತೆ ಉದ್ದ.

ಇಲ್ಲಿಗೆ ವೆಸ್ಪಿಡೇ ಕುಟುಂಬದೊಳಗಿನ ಕುಂಬಾರ ಕಣಜಗಳ ಉಪಕುಟುಂಬ ಸಿಕ್ಕಿತು. ಇದರಲ್ಲಿ ಜಗತ್ತಿನಾದ್ಯಂತ ಮೂರು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ, ಆದ್ದರಿಂದ ನಿಜವಾದ ಕಷ್ಟ ಇನ್ನು ಮುಂದೆ. ನನ್ನನ್ನು ಕೇಳಿದರೆ ಇಲ್ಲಿ ಕೈಹಿಡಿಯುವ ಅಂಗ ನಡು. ಕೀಟದ ದೇಹದಲ್ಲಿ ತಲೆ, ಎದೆ, ಉದರವೆಂದು ಮೂರು ಭಾಗಗಳೆಂಬ ಶಾಲೆಯ ಪಾಠ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಇರುವೆ, ಜೇನ್ನೊಣ, ಕಣಜಗಳಲ್ಲಿ ಉದರದ ಮೊದಲ ಖಂಡವು ಎದೆಗೆ ಬೆಸೆದುಕೊಂಡು ಎದೆಯ ಭಾಗವೇ ಆಗಿಬಿಟ್ಟಿದೆ, ಅಕ್ಕಪಕ್ಕದ ಎರಡು ಮನೆಗಳ ನಡುವಿನ ಗೋಡೆ ಒಡೆದು ಪಕ್ಕದ ಮನೆಯ ಮುಂಗೋಣೆಯನ್ನು ಇತ್ತ ಸೇರಿಸಿಕೊಂಡ ಹಾಗೆ. ನಮಗೆ ಕಾಣುವ ಸಣ್ಣ ನಡು ಎದೆ ಮತ್ತು ಉದರಗಳ ನಡುವಿನದಲ್ಲ, ಉದರದ ಮೊದಲ ಮತ್ತು ಎರಡನೆಯ ಖಂಡಗಳ ನಡುವಿನದು. ಈ ಕೀಲಿನಿಂದಾಗಿಯೇ ಹಿಂಭಾಗವನ್ನು ಬಗ್ಗಿಸಿ ಬೇಕಾದ ಜಾಗಕ್ಕೆ ಕೊಂಡಿ ಇಳಿಸುವುದು ಸಾಧ್ಯ. ಕೀಲಿನ ಆಚೆಗಿನ ಖಂಡ ಯಾವ ಆಕಾರ ತಳೆದಿದೆ ಎಂಬುದೇ ಕುಲದ ಸುಳಿವು. ಡೆಲ್ಟಾ ಕುಲದಲ್ಲಿ ಅದು ಉದ್ದನೆಯ ಕಾಂಡವಾಗಿ, ಅದರ ತುದಿಗೆ ಮುಂದಿನ ಖಂಡ ದುಂಡಗೆ ಉಬ್ಬಿರುತ್ತದೆ. ಏಕತಾರಿಯ ದಂಡಿಗೆ ಮತ್ತು ಬುರುಡೆಯನ್ನು ನೆನೆಯಿರಿ, ಅಥವಾ ಸೌಟನ್ನು. ಯೂಮಿನೀಸ್ ಕುಲದಲ್ಲಿ ಕಾಂಡ ಸಾಮಾನ್ಯವಾಗಿ ಮೋಟು, ಹಿಂದಕ್ಕೆ ಹೋದಂತೆ ಅಗಲವಾಗುತ್ತದೆ. ರಿಂಕಿಯಮ್ ಕುಲದಲ್ಲಿ ಕಾಂಡವೇ ಇಲ್ಲ. ಉದರ ಬುಗುರಿಯಂತೆ ನೇರವಾಗಿ ಎದೆಗೆ ಒತ್ತಿಕೊಂಡಿರುತ್ತದೆ. ಅದು ಗಡಿಗೆಯನ್ನೂ ಮಾಡುವುದಿಲ್ಲ, ಟೊಳ್ಳು ಬಿದಿರು ಅಥವಾ ಸಿದ್ಧವಾಗಿರುವ ತೂತಿನೊಳಗೆ ಮಣ್ಣಿನ ಅಡ್ಡಗೋಡೆ ಹಾಕಿಕೊಳ್ಳುತ್ತದೆ. ಆದರೂ ಅದನ್ನು ಕುಂಬಾರರ ಪಟ್ಟಿಗೇ ಸೇರಿಸಬೇಕು.

ಹೆಸರಿಟ್ಟವರು ಈ ಆಕಾರಗಳಿಗೆ ಮನಸೋತಿದ್ದರು. ಡೆಲ್ಟಾ ಪೈರಿಫಾರ್ಮೆ ಎಂದರೆ ಮರಸೇಬಿನ, ಅಂದರೆ ಪೇರ್ ಹಣ್ಣಿನ, ಆಕಾರದ್ದು, ಕ್ಯಾಂಪಾನಿಫಾರ್ಮೆ ಎಂದರೆ ಗಂಟೆಯ ಆಕಾರದ್ದು, ಕೊನೊಯ್ಡಿಯಮ್ ಶಂಕುವಿನಂಥದು. ಎಸುರಿಯೆನ್ಸ್ ಎಂಬ ಹೆಸರಿಗೆ ಮಾತ್ರ ಹಸಿದದ್ದು ಎಂದರ್ಥ. 1787ರಲ್ಲಿ ಫ್ಯಾಬ್ರಿಸಿಯಸ್ ಹಾಗೇಕೆ ಕರೆದನೋ. 1855ರಲ್ಲಿ ಡೆಲ್ಟಾ ಎಂಬ ಗುಂಪಿಗೆ ಹೆಸರಿಟ್ಟವರು ಜಿನೀವಾದ ಆನ್ರಿ ದ ಸೊಸ್ಯೂರ್. ಆಧುನಿಕ ಭಾಷಾಶಾಸ್ತ್ರದ ಜನಕನೆನಿಸಿದ, ಸಂಸ್ಕೃತವನ್ನೂ ಬಲ್ಲ ಫರ್ಡಿನಾಂಡ್ ದ ಸೊಸ್ಯೂರ್ ಇವರ ಮಗ. ಕಣಜಗಳ ಹೆಸರಿನೊಳಗೂ ವ್ಯಾಕರಣ ಕೆಲಸ ಮಾಡುತ್ತದೆಂಬುದನ್ನು ಮಗ ಬಹುಶಃ ಮೆಚ್ಚುತ್ತಿದ್ದ: ಯೂಮಿನೀಸ್ ಪುಲ್ಲಿಂಗವಾದ್ದರಿಂದ ಮೊದಲು ಪೈರಿಫಾರ್ಮಿಸ್ ಎಂದಿದ್ದದ್ದು, ನಪುಂಸಕ ಲಿಂಗದ ಡೆಲ್ಟಾ ಕುಲಕ್ಕೆ ಬಂದೊಡನೆ ಪೈರಿಫಾರ್ಮೆ ಆಯಿತು. ಬಿಂಗಮ್ 1897ರಲ್ಲಿ ಪ್ರಕಟಿಸಿದ, ಬ್ರಿಟಿಷ್ ಇಂಡಿಯಾದ ಕಣಜ ಮತ್ತು ಜೇನುಗಳ ಸಂಪುಟವನ್ನು ಇಂದು ಬಳಸುವವರು ಹೆಸರುಗಳ ಈ ಸ್ಥಳಾಂತರವನ್ನು ಮರೆಯಬಾರದು.

ಬಣ್ಣದ ಮಾತನ್ನು ಇಷ್ಟು ಹೊತ್ತು ಬೇಕೆಂದೇ ಮುಂದೂಡಿದೆ. ಕೊಂಡಿಯಿರುವ ಜೀವಿಗಳು ಪರಸ್ಪರ ಹೋಲುವುದರಿಂದ ಎಲ್ಲಕ್ಕೂ ಲಾಭವಿದೆ: ಒಂದರಿಂದ ಕುಟುಕಿಸಿಕೊಂಡ ಹಕ್ಕಿ ಅದೇ ಬಣ್ಣದ ಉಳಿದವನ್ನೂ ಬಿಟ್ಟುಬಿಡುತ್ತದೆ. ಒಂದೇ ಊರಿನ ಬೇರೆ ಬೇರೆ ಅಂಗಡಿಗಳು ಒಂದೇ ಬಣ್ಣದ ಫಲಕ ತೂಗುಹಾಕಿದಂತೆ, ಸಂಬಂಧವಿಲ್ಲದ ಕಣಜಗಳು ಒಂದೇ ಪ್ರದೇಶದಲ್ಲಿ ಒಂದೇ ವೇಷ ತೊಡುತ್ತವೆ. ಅತ್ತ, ಕಂದು ಮೈಗೆ ಕಪ್ಪು ಪಟ್ಟೆಯ ರಿಂಕಿಯಮ್ ಬ್ರುನಿಯಮ್‌ನಂಥ ಒಂದೇ ಪ್ರಭೇದ ಪ್ರದೇಶ ಬದಲಾದಂತೆ ವೇಷವನ್ನೂ ಬದಲಿಸುತ್ತದೆ. ಹೀಗಾಗಿ ಬಣ್ಣವನ್ನು ನೋಡಬೇಕು, ಆದರೆ ಆಕಾರ ಕುಲವನ್ನು ಹೇಳಿದ ಮೇಲೆ.

ಲಿಂಗವನ್ನೂ ಮೊದಲೇ ತಿಳಿಯುವುದು ಕ್ಷೇಮ. ಹೆಣ್ಣಿನ ಕುಡಿಮೀಸೆಯಲ್ಲಿ 12 ಗೆಣ್ಣು, ಗಂಡಿನದರಲ್ಲಿ 13. ಹಲವು ಕುಲಗಳ ಗಂಡಿನಲ್ಲಿ ಕೊನೆಯ ಗೆಣ್ಣು ಕೊಕ್ಕೆಯಂತೆ ಹಿಂದಕ್ಕೆ ಬಾಗಿರುತ್ತದೆ. ಮುಖದ ಮುಂಭಾಗದ ಫಲಕದ ಅಂಚು, ಮೈಮೇಲಿನ ಚುಚ್ಚುಗುಳಿಗಳ ದಟ್ಟಣೆ, ಕೂದಲಿನ ಉದ್ದ, ಕಡೆಗೆ ಗಂಡಿನ ಜನನಾಂಗದ ರಚನೆ ಹೀಗೆ ಪರೀಕ್ಷೆ ಒಳಒಳಕ್ಕೆ ಸಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಮೇಲಿನಿಂದ ತೆಗೆದ ಒಂದೇ ಚಿತ್ರವನ್ನು ಕಳಿಸಿ ಪ್ರಭೇದ ಕೇಳುವ ಗೆಳೆಯರಿಗೆ ನಾನು ಕುಲದ ಹೆಸರನ್ನಷ್ಟೇ ಹೇಳಿ, ಪಕ್ಕದಿಂದ ನಡು ಕಾಣುವಂತೆ ಒಂದು, ಎದುರಿನಿಂದ ಮುಖ ಕಾಣುವಂತೆ ಇನ್ನೊಂದು ಚಿತ್ರ ಕೇಳುತ್ತೇನೆ. ಅಷ್ಟರಲ್ಲಿ ಕಣಜ ಮುಂದಿನ ಉಂಡೆ ಮಣ್ಣಿಗೆ ಹೊರಟುಹೋಗಿರುತ್ತದೆ. ಗಡಿಗೆ ಮುಗಿದಿಲ್ಲವಾದರೆ ಅದು ಮತ್ತೆ ಅಲ್ಲಿಗೇ ಬರುತ್ತದೆ, ಕಾಯಬೇಕು.